ಒರೆಸಿಬಿಟ್ಟ ಉಬ್ಬು

ಪೆರುಂಗುಡಿಯ ಆಫೀಸಿನಲ್ಲಿ ನನ್ನ ಕೆಲಸ ರಕ್ತನಾಳಗಳ ಆಕಾರವನ್ನು ಕಂಪ್ಯೂಟರಿಗೆ ತಿಳಿಯುವಂತೆ ಮಾಡುವುದು. ಸ್ಕ್ಯಾನಿನಲ್ಲಿ ಬಂದ ನಾಳವನ್ನು ಕೋಶಗಳ ಜಾಲವಾಗಿ ಒಡೆದುಕೊಟ್ಟರೆ, ಅದರೊಳಗೆ ರಕ್ತ ಹೇಗೆ ಹರಿಯುತ್ತದೆಂದು ಲೆಕ್ಕ ಹಾಕುತ್ತಾರೆ. ಆ ಜಾಲಕ್ಕೆ ಮೆಶ್ ಎನ್ನುತ್ತೇವೆ. ನಮ್ಮದು ಹೈ-ಆರ್ಡರ್ ಲೆಕ್ಕ. ಕೋಶಗಳು ಕಡಿಮೆ, ದೊಡ್ಡವು, ಆದರೆ ಒಂದೊಂದರೊಳಗಿನ ಗಣಿತ ಬಲು ಸೂಕ್ಷ್ಮ. ನಾಳದ ಬಾಗಿದ ಗೋಡೆಗೆ ನೇರ ಅಂಚು ಕೊಟ್ಟರೆ, ಲೆಕ್ಕವು ಇಲ್ಲದ ಮೂಲೆಯನ್ನು ಇದೆಯೆಂದೇ ನಂಬಿ, ಅಲ್ಲೊಂದು ಇಲ್ಲದ ಸುಳಿ ತೋರಿಸುತ್ತದೆ. ಹಾಗೆಂದು ಗೋಡೆಯ ಅಂಚನ್ನಷ್ಟೇ ಬಗ್ಗಿಸಿದರೆ ಅದು ಒಳಗಿನ ಅಂಚನ್ನು ದಾಟಿ ಕೋಶವೇ ಮಗುಚಿಕೊಳ್ಳುತ್ತದೆ. ಬಾಗನ್ನು ಒಳಗಿನ ಕೋಶಗಳಿಗೂ ಸ್ವಲ್ಪ ಸ್ವಲ್ಪ ಹಂಚಬೇಕು.

ಇದನ್ನು ನನ್ನ ಮ್ಯಾನೇಜರಿಗಿಂತ ಬೇಗ ಅರ್ಥ ಮಾಡಿಕೊಂಡವಳು ಅಮ್ಮ. ಮಂಡ್ಯ ಕಡೆಯಿಂದ ಈ ತಮಿಳು ಊರಿಗೆ ನನ್ನ ಜೊತೆಗಿರಲು ಬಂದು, ವೆಸ್ಟ್ ಮಾಂಬಲಂನ ಫ್ಲ್ಯಾಟಿನಲ್ಲಿ ಅಕ್ಕಪಕ್ಕದವರಿಗೆ ರವಿಕೆ ಹೊಲಿಯುತ್ತಿದ್ದಳು. ಕಂಕುಳನ್ನು ನೇರ ಕತ್ತರಿಸಿದರೆ ಕೈಯೆತ್ತಿದಾಗ ಇಡೀ ರವಿಕೆ ಎಳೆಯುತ್ತದೆ, ಇಷ್ಟು ತಿಳಿಯಲು ಅಷ್ಟೊಂದು ಓದಬೇಕಿತ್ತೇ ಎಂದು ಚುಡಾಯಿಸಿದ್ದಳು.

ಕಳೆದ ವರ್ಷ ಅವಳಿಗೆ ತಲೆನೋವು, ಕತ್ತುನೋವು ಶುರುವಾಯಿತು. ಗಿಂಡಿಯ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು ತಮಿಳಿನಲ್ಲಿ, ‘ಮೂಳೈಲ’ ಒಂದು ಉಬ್ಬಿದೆ, ಮೂರು ವಾರದಲ್ಲಿ ಆಪರೇಷನ್ ಮಾಡೋಣ ಎಂದರು. ತಮಿಳಿನ ಮೂಳೈ ಎಂದರೆ ಮಿದುಳು; ಅಲ್ಲಿನ ರಕ್ತನಾಳವೊಂದು ಉಬ್ಬಿತ್ತು. ಅಮ್ಮ ಕೇಳಿಸಿಕೊಂಡದ್ದು ನಮ್ಮ ಮೂಳೆ. ದಿನವಿಡೀ ಬಗ್ಗಿ ಹೊಲಿದು ಕತ್ತಿನ ಮೂಳೆ ಊದಿಕೊಂಡಿದೆ, ಸದ್ಯ, ಬೇರೇನಿಲ್ಲವಲ್ಲ ಎಂದು ಲಿಫ್ಟಿನಲ್ಲೇ ನಿಟ್ಟುಸಿರು ಬಿಟ್ಟಳು. ನಾನು ತಿದ್ದಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಅವಳು ಕೆಳಗಿನ ಮನೆಯವರಿಗೆ ಹೇಳಿದಳು, ಗಿರಾಕಿಗಳಿಗೆ ಹೇಳಿದಳು, ಊರಿನಲ್ಲಿದ್ದ ತನ್ನ ತಂಗಿಗೆ ಫೋನಿನಲ್ಲಿ ಹೇಳಿ, ಇಷ್ಟಕ್ಕೆಲ್ಲ ಬರಬೇಡ ಎಂದಳು. ನಾನು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ.

ಆ ದಿನಗಳಲ್ಲೇ ಆಫೀಸಿನಲ್ಲಿ ಹೊಸ ಹುಡುಗಿಯೊಬ್ಬಳನ್ನು ಬೈದೆ. ಮೆಶ್ ಸರಿಯಾಗಿ ಕೂರುತ್ತಿಲ್ಲವೆಂದು ಅವಳು ನಾಳದ ಮೇಲಿನ ಸಣ್ಣ ಉಬ್ಬೊಂದನ್ನು ಒರೆಸಿ ನುಣ್ಣಗೆ ಮಾಡಿದ್ದಳು. ನೋಡಬೇಕಾದದ್ದೇ ಅದು, ನಿನ್ನ ಅನುಕೂಲಕ್ಕೆ ಆಕಾರ ಬದಲಾಯಿಸಬೇಡ ಎಂದೆ.

ಆಪರೇಷನ್ನಿನ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ ಅಮ್ಮನಿಗೆ ಎಲ್ಲ ಹೇಳಿದೆ, ಆಫೀಸಿನ ಹುಡುಗಿ ಉಬ್ಬು ಒರೆಸಿದ್ದನ್ನೂ. ಅವಳು ಲ್ಯಾಪ್‌ಟಾಪಿನಲ್ಲಿ ತೋರಿಸು ಎಂದಳು. ನಾನು ತೋರಿಸಿದ್ದು ಅವಳದ್ದಲ್ಲ, ಯಾರದೋ ನಾಳ, ಬಟಾಣಿಯಂತೆ ಉಬ್ಬಿತ್ತು. ಬಹಳ ಹೊತ್ತು ನೋಡಿದಳು.

"ನಿನ್ ಕೆಲಸದಲ್ಲಿ ಇಂಥದ್ದಿದ್ರೆ ಒರೆಸ್ಬುಡ್ತೀಯಾ?"

"ಇಲ್ಲ ಕಣಮ್ಮ. ಒರೆಸಿದ್ರೆ ಲೆಕ್ಕ ಸುಳ್ಳಾಯ್ತದೆ."

"ಮತ್ತೆ ನನ್ ತಾವ ಯಾಕೆ ಒರೆಸ್ದೆ?"

ನನಗೆ ಅಳು ಬಂತು. ಅವಳು ಅಳಲಿಲ್ಲ. ಫೋನು ತೆಗೆದುಕೊಂಡು ತಂಗಿಗೆ, ಹೇಗಾದರೂ ಮಾಡಿ ಬಾ, ನಿನ್ನ ಮುಖ ನೋಡಬೇಕು ಎಂದಳು.

ಸೋಮವಾರ ಬೆಳಿಗ್ಗೆ ಒಪ್ಪಿಗೆ ಪತ್ರಕ್ಕೆ ಕನ್ನಡದಲ್ಲಿ ತಾನೇ ಸಹಿ ಹಾಕಿದಳು. ಯಾವ ಆಪರೇಷನ್ ಎಂದು ನರ್ಸು ತಮಿಳಿನಲ್ಲಿ ಕೇಳಿದಾಗ ತಲೆ ಮುಟ್ಟಿಕೊಂಡು, "ಮೂಳೈ" ಎಂದಳು, ಕೊನೆಯ ಅಕ್ಷರವನ್ನು ತಮಿಳಿನವರಂತೆಯೇ ಸರಿಯಾಗಿ ಎಳೆದು. ಎಂಟಕ್ಕೆ ಒಳಗೆ ಕರೆದುಕೊಂಡು ಹೋದರು.

ಚಿಕ್ಕಮ್ಮ ಚೀಲ ಹಿಡಿದು ಬಂದದ್ದು ಹನ್ನೊಂದಕ್ಕೆ. ಅಮ್ಮನಿಗೆ ಮತ್ತೆ ಎಚ್ಚರವಾಗಲಿಲ್ಲ. ಮೂರು ವಾರ ಇತ್ತಲ್ಲ, ಮೊದಲೇ ಯಾಕೆ ಕರೆಯಲಿಲ್ಲ ಎಂದು ಚಿಕ್ಕಮ್ಮ ಇಂದಿಗೂ ಕೇಳುತ್ತಾರೆ. ಅಮ್ಮ ಮೂಳೆ ಅಂದುಕೊಂಡಿದ್ದಳು ಎನ್ನುತ್ತೇನೆ. ನನಗೆ ಗೊತ್ತಿತ್ತು ಎಂಬುದನ್ನು ಅವರಿಗೆ ಇನ್ನೂ ಹೇಳಿಲ್ಲ.