ಪಾಪಮ್ಮತ್ತೆಯ ತಟ್ಟೆ, ಬೆಟ್ಟದ ಆಮೆ

ಕಳೆದ ಭಾನುವಾರ ನಾನೊಂದು ಸ್ಟೀಲ್ ತಟ್ಟೆ ಬಡಿದೆ. ಅದರಿಂದ ಒಂದು ಜೀವ ಹೋಗುವುದರಲ್ಲಿತ್ತು. (ಹಾಡು ಹೇಳಿ ಜೀವ ತೆಗೆದೆ ಅಂದಿದ್ದರೆ ನನ್ನ ಹೆಂಡತಿ ಕೂಡಲೇ ನಂಬುತ್ತಿದ್ದಳು. ತಟ್ಟೆ ಅಂದಿದ್ದಕ್ಕೆ ಅವಳೂ ನಂಬಲಿಲ್ಲ.) ನಗಬೇಡಿ, ಪೂರ್ತಿ ಕೇಳಿ.

ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಪಾಪಮ್ಮತ್ತೆ ಇದ್ದಾಳೆ. ಅಪ್ಪನ ತಂಗಿ. ಎಪ್ಪತ್ತರ ಹತ್ತಿರ ವಯಸ್ಸು, ಹದಿನಾಲ್ಕು ಕುರಿ, ಊರಿಗೆಲ್ಲ ಕೇಳಿಸುವ ಗಂಟಲು. ಬಂಗಾರಪೇಟೆಯಿಂದ ಬೈಕಿನಲ್ಲಿ ಹೋಗಿ ಅವಳ ಕೈಯ ಮುದ್ದೆ ಉಂಡು ಬರದಿದ್ದರೆ ನನಗೆ ಭಾನುವಾರ ಆದಂತೆಯೇ ಅನಿಸುವುದಿಲ್ಲ.

ಈ ವಾರದ ಅಂಕಣದಲ್ಲಿ ಕಾಡ್ಗಿಚ್ಚಿನ ಬಗ್ಗೆ ಬರೆಯೋಣ ಅಂತ ಒಂದು ವಿಡಿಯೋ ಹುಡುಕಿಟ್ಟುಕೊಂಡಿದ್ದೆ. ಅತ್ತೆಗೆ ತೋರಿಸಿದೆ. ಆಸ್ಟ್ರೇಲಿಯಾದ ಕಾಡು ಹೊತ್ತಿ ಉರಿಯುತ್ತಿದೆ. ಕರಡಿಮರಿಯಂಥ ಕೋಆಲಾ ಒಂದಕ್ಕೆ ಯಾರೋ ಬಾಟಲಿಯಲ್ಲಿ ನೀರು ಕುಡಿಸುತ್ತಿದ್ದಾರೆ. ಅದರ ಅಂಗಾಲೆಲ್ಲ ಸುಟ್ಟಿದೆ.

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅಯ್ಯೋ ದೇವುಡಾ! ಕಾಲೆಲ್ಲ ಬೆಂದೋಗದೆ. ಯಾವನ್ಲಾ ಬೆಂಕಿ ಇಕ್ಕಿದ್ದು? ಅವನ ಕೈ ಸೇದೋಗ!"

ಇಷ್ಟು ಹೇಳಿ, ಮೂಗೊರೆಸಿಕೊಂಡು, ಒಲೆ ಪಕ್ಕದ ಗೂಡಿನಿಂದ ಬೆಂಕಿಪೊಟ್ಟಣ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಏಳ್ಲಾ, ಗಾಳಿ ನಿಂತದೆ. ಬೆಟ್ಟಕ್ಕೆ ಬೆಂಕಿ ಇಕ್ಕಿ ಬಂದು ಉಣ್ಣಾನ."

ತಮಾಷೆಯಲ್ಲ. ನಮ್ಮ ಕಡೆ ಇದು ವರ್ಷವರ್ಷ ನಡೆಯುವುದೇ. ಶಿವರಾತ್ರಿ ಕಳೆದ ಮೇಲೆ ಗೋಮಾಳದ ಬೆಟ್ಟದಲ್ಲಿ ಒಣಗಿ ನಿಂತ ಹುಲ್ಲು ಸುಟ್ಟರೆ, ಮೊದಲ ಮಳೆಗೆ ಎಳೆ ಚಿಗುರು ಬರುತ್ತದೆ, ಕುರಿಗಳು ಮೈತುಂಬಿಕೊಳ್ಳುತ್ತವೆ ಅಂತ ನಂಬಿಕೆ.

ನಾನು ಬಿಡುತ್ತೇನೆಯೇ? ಭಾಷಣ ಶುರು ಮಾಡಿದೆ. ಕೆನಡಾದ ಕಾಡಿನ ಹೊಗೆ ಸಮುದ್ರ ದಾಟಿ ಹೋಗುತ್ತದೆ, ಮಸಿ ಹೋಗಿ ಹಿಮದ ಮೇಲೆ ಕೂರುತ್ತದೆ, ಮಣ್ಣಿನ ಹುಳ ಸಾಯುತ್ತದೆ. ಕಾಡು ಸುಟ್ಟಷ್ಟೂ ಭೂಮಿ ಬಿಸಿ, ಭೂಮಿ ಬಿಸಿಯಾದಷ್ಟೂ ಕಾಡು ಒಣಗಿ ಮತ್ತೆ ಬೆಂಕಿ. ಎಲ್ಲ ಹೇಳಿದೆ.

"ನಿನ್ನ ಭೂಮಿ ತಣ್ಣಗಿರ್ಲಿ ಅಂತ ನನ್ನ ಕುರಿ ಉಪಾಸ ಇರ್ಬೇಕೇನ್ಲಾ?" ಅಂದಳು.

(ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದೆಯೇ?)

"ಆಮೇಲೆ ನಾವೇನ್ ಮೂಕಜೀವ ಸುಡೋ ಜನ್ವಾ? ತಟ್ಟೆ ಬಡ್ದೇ ಬೆಂಕಿ ಇಕ್ಕೋದು. ನಂಗೆ ಮೊಣಕಾಲು ನೋವು, ಈ ಸಲ ನೀನೇ ಬಡಿ," ಅಂತ ತಟ್ಟೆ, ಸೌಟು ಕೈಗೆ ಕೊಟ್ಟಳು.

ಅತ್ತೆ ತನ್ನ ಅತ್ತೆಯಿಂದ ಕಲಿತದ್ದು ಇದು. ಕಡ್ಡಿ ಗೀರುವ ಮೊದಲು ಬೆಟ್ಟ ಸುತ್ತಿ ಸದ್ದು ಮಾಡಿ, ಇರುವ ಜೀವಗಳಿಗೆಲ್ಲ ಹೇಳಿ ಬರಬೇಕು. ತಡೆಯಲು ಹೋದವನು ಬಡಿಯಲು ನಿಂತೆ. ಮನಸ್ಸು ಕರಗಿಬಿಟ್ಟಿತ್ತು, ಏನು ಮಾಡಲಿ? ಅತ್ತೆ ಕೆಳಗಿನಿಂದ ಕೂಗುತ್ತಿದ್ದಳು. "ಓಗಮ್ಮಾ ಓಗು! ಮಕ್ಳು ಮರಿ ಕಟ್ಕಂಡು ಓಗು! ಬೆಂಕಿ ಇಕ್ತೀವಿ!"

ಎರಡು ಮೊಲ ಓಡಿದವು. ಕೌಜುಗಗಳು ಬುರ್ರನೆ ಎದ್ದವು. ನನಗೋ ಭಾರೀ ಖುಷಿ. ಒಂದು ಬಂಡೆ ಹತ್ತಿ ನಿಂತು ಇನ್ನೂ ಜೋರಾಗಿ ಬಡಿದೆ. ನನ್ನಂಥ ಪರಿಸರಪ್ರೇಮಿ ತಾಲೂಕಿನಲ್ಲೇ ಇಲ್ಲ ಅನಿಸಿತು.

ಆಮೇಲೆ ಅತ್ತೆ ಕಡ್ಡಿ ಗೀರಿದಳು. ಅರ್ಧ ಗಂಟೆಯಲ್ಲಿ ಬೆಟ್ಟದ ಒಂದು ಮಗ್ಗುಲು ಕಪ್ಪಾಯಿತು. ಹೊಗೆಯಲ್ಲಿ ಆ ಕಡೆಯ ಕೆಜಿಎಫ್ ಚಿನ್ನದ ಗಣಿಯ ಸೈನೈಡ್ ಮಣ್ಣಿನ ದಿಬ್ಬಗಳೂ ಕಾಣಲಿಲ್ಲ.

ನೆಲ ಆರಿದ ಮೇಲೆ ಅತ್ತೆ ಕೋಲು ಹಿಡಿದು ಕೆಂಡ ನೋಡಲು ಹೋದಳು. ಸ್ವಲ್ಪ ಹೊತ್ತಿಗೆ ನನ್ನ ಹೆಸರು ಹಿಡಿದು ಕೂಗಿದಳು. ಓಡಿದೆ.

ಅದೇ ಬಂಡೆಯ ಬುಡ. ಒಂದು ನಕ್ಷತ್ರ ಆಮೆ. ಚಿಪ್ಪಿನ ಒಂದು ಪಕ್ಕದ ಹಳದಿ ಗೆರೆಗಳೆಲ್ಲ ಮಸಿಯಾಗಿದ್ದವು. ತಲೆ, ಕಾಲು ಎಲ್ಲ ಒಳಗೆ.

"ಸದ್ದು ಕೇಳ್ದಾಗ್ಲೇ ಓಗ್ಬಾರ್ದಿತ್ತೇನಮ್ಮಾ..." ಅನ್ನುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. ನನ್ನ ಕೈಯ ತಟ್ಟೆ ನೋಡಿದಳು. "ಸದ್ದಿಗೇ ಕಣ್ಲಾ ಇದು ಕುಂತಿದ್ದು. ಓಡೋ ಜೀವ ಓಡ್ತು. ಇದು ಎದರಿ ತಲೆ ಒಳೀಕ್ ಎಳ್ಕಂಡು ಕುಂತದೆ. ಇಷ್ಟು ವರ್ಸ ಇಂಗೆ ಎಷ್ಟು ಕುಂತಿದ್ವೋ, ನಾನು ಬಡ್ಕಂತಾನೇ ಇದ್ನಲ್ಲಾ!"

ಆಮೇಲೆ ತನ್ನ ಬಲಗೈ ತಿರುಗಿಸಿ ನೋಡಿಕೊಂಡಳು. "ಬೆಳಗ್ಗೆ ಯಾವನ್ದೋ ಕೈ ಸೇದೋಗ ಅಂದ್ನಲ್ಲಾ... ಇದೇ ಅಲ್ವೇನ್ಲಾ ಆ ಕೈ?"

ನಾನು ನನ್ನ ಕೈಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡೆ.

ಮನೆಗೆ ತಂದು ನೆರಳಲ್ಲಿ ಒದ್ದೆ ಗೋಣಿಯ ಮೇಲಿಟ್ಟೆವು. ಪರಿಚಯದ ಪಶುವೈದ್ಯರಿಗೆ ಫೋನ್ ಮಾಡಿದರೆ, "ಇದು ಕಾಡುಪ್ರಾಣಿ, ಫಾರೆಸ್ಟ್‌ನವರಿಗೆ ಹೇಳಿ, ಚಿಕಿತ್ಸೆ ಅವರೇ ಮಾಡಿಸ್ತಾರೆ" ಅಂದರು.

"ಅತ್ತೆ, ಬೆಂಕಿ ಇಟ್ಟೋರು ಯಾರು ಅಂತ ಕೇಳ್ತಾರೆ. ಕೇಸ್ ಹಾಕಬಹುದು."

"ಆಕ್ಲಿ. ಇದು ಬದುಕ್ಬೇಕು. ಮಾಡ್ಲಾ ಫೋನು."

ಮುದ್ದೆ ಆರಿತು. ಅವಳೂ ಉಣ್ಣಲಿಲ್ಲ, ನಾನೂ ಉಣ್ಣಲಿಲ್ಲ. ಕುರಿಗಳು ಅರಚಿದರೆ "ಸುಮ್ಕಿರ್ರೇ, ಎದರ್ಕಂತದೆ" ಅಂತ ಗದರಿದಳು. ಊರಿಗೆಲ್ಲ ಕೇಳಿಸುವ ಆ ಗಂಟಲು ಅಷ್ಟು ಮೆತ್ತಗಾಗಿದ್ದನ್ನು ನಾನು ಕೇಳಿದ್ದೇ ಇಲ್ಲ. ನನಗೂ ಅಳು ಬಂತು. ಬಂತು ಅಂತ ಬರೆಯಲು ನಾಚಿಕೆಯೇನಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಚಿಪ್ಪಿನ ಬಾಯಲ್ಲಿ ಏನೋ ಅಲುಗಾಡಿತು. ಮೊದಲು ಮೂತಿ. ಆಮೇಲೆ ಒಂದು ಕಣ್ಣು.

"ನೋಡ್ತದೆ ಕಣ್ಲಾ!" ಅಂತ ಅತ್ತೆ ಪಿಸುಗುಟ್ಟಿದಳು. ಗಟ್ಟಿಯಾಗಿ ಉಸಿರು ಕೂಡ ಬಿಡಲಿಲ್ಲ.

ಫಾರೆಸ್ಟ್ ವಾಚರ್ ಬಂದ. ಕೆಜಿಎಫ್‌ನ ತಮಿಳು ಮನೆಮಾತಿನವನು, ಅವನ ಬಾಯಲ್ಲಿ ಅಜ್ಜಿಯರೆಲ್ಲ ಪಾಟಿ. "ಬೆಂಕಿ ಇಟ್ಟಿದ್ದು ಯಾರು ಪಾಟಿ?"

"ನಾನೇ ಕಣಪ್ಪ."

"ತಟ್ಟೆ ಬಡಿದಿದ್ದು ನಾನು," ಅಂದೆ. ಅವನಿಗೆ ಅರ್ಥವಾಗಲಿಲ್ಲ. ಇಬ್ಬರಿಗೂ ಸೇರಿಸಿ ಚೆನ್ನಾಗಿ ಬೈದ. ಹೆಸರು, ವಿಳಾಸ ಬರೆದುಕೊಂಡ. ಹೊರಡುವಾಗ ಆಮೆಯಿದ್ದ ಡಬ್ಬಿ ಎತ್ತಿಕೊಂಡು, "ಬದುಕುತ್ತೆ ಪಾಟಿ, ಅಳಬೇಡ," ಅಂದ.

ದೊಡ್ಡ ದೇಶಗಳಲ್ಲೂ ಕಾಡು ಉರಿಯುವಾಗ ಸೈರನ್ ಕೂಗುತ್ತದೆ, ಎಲ್ಲರ ಮೊಬೈಲೂ ಬಡಿದುಕೊಳ್ಳುತ್ತದೆ. ಕಾರಿದ್ದವರು ಹೊರಡುತ್ತಾರೆ. ಆಮೇಲೆ ಸಮ್ಮೇಳನ, ಘೋಷಣೆ, ಗುಂಪು ಫೋಟೋ. ಕಡ್ಡಿ ಗೀರುವುದು ಮಾತ್ರ ನಿಂತಿಲ್ಲ. ಓಡಲಾರದವು ಅಲ್ಲೇ ತಲೆ ಒಳಗೆಳೆದುಕೊಂಡು ಕೂತಿವೆ.

ನಿನ್ನೆ ಅತ್ತೆ ಫೋನ್ ಮಾಡಿದ್ದಳು. ಆಮೆ ಸೊಪ್ಪು ತಿನ್ನುತ್ತಿದೆಯಂತೆ, ವಾಚರ್ ಹೇಳಿದನಂತೆ. ಬೆಟ್ಟದ ಇನ್ನೊಂದು ಮಗ್ಗುಲಿನ ಹುಲ್ಲು ಹಾಗೇ ಇದೆಯಂತೆ.

"ಅದ್ನ ಕುಯ್ದೇ ತೆಗೀತೀನಿ. ಬರೋ ಬಾನ್ವಾರ ಕುಡುಗೋಲು ಇಡ್ಕಂಡು ಬಾ. ತಟ್ಟೆ ಸಾಕು."

ಹೋಗುತ್ತೇನೆ. ಇಷ್ಟು ವರ್ಷ ವಾರವಾರ ಇಲ್ಲಿ ಕೂತು ನಾನು ಬಡಿಯುತ್ತಿದ್ದುದೂ ತಟ್ಟೆಯನ್ನೇ ಅಲ್ಲವೇ?