ಒಳಗೆ ಅಡ್ಡ, ಹೊರಗೆ ಉದ್ದ

ಬೆಳಿಗ್ಗೆ ಮಗ್ಗಿನ ನೀರಿಗೆ ಒಂದಿಷ್ಟು ವಿನೆಗರ್ ಸುರಿದೆ ನೋಡಿ, ಆ ಹುಳಿ ಘಾಟು ಮೂಗಿಗೆ ಏರಿ ನನ್ನ ಬಲಗೈ ತಾನಾಗಿ ಮುಷ್ಟಿ ಕಟ್ಟಿತು. ನಗಬೇಡಿ. ಕಿಟಕಿ ಒರೆಸುವುದಕ್ಕೆ ಹೆದರುವ ಹೆಂಗಸು ಇಡೀ ರಾಮಕೃಷ್ಣನಗರದಲ್ಲಿ ನಾನೊಬ್ಬಳೇ ಇರಬೇಕು. ಜಿರಳೆಗೆ ಹೆದರುವುದಿಲ್ಲ, ನೆಂಟರಿಗೂ ಅಷ್ಟೇನಿಲ್ಲ. ಗಾಜು ಫಳಫಳ ಹೊಳೆದರೆ ಮಾತ್ರ ಎದೆ ಡವಡವ ಎನ್ನುತ್ತದೆ.

ಈ ವಿದ್ಯೆ ಕಲಿಸಿದವರು ನಮ್ಮ ಅತ್ತೆ. ದಸರಾ ಹತ್ತಿರವಾಯಿತೆಂದರೆ ಹಾಲ್‌ನ ದೊಡ್ಡ ಕಿಟಕಿಯಲ್ಲಿ ಅವರಿಗೆ ಬೆಟ್ಟ ಕಾಣಲೇಬೇಕು, ಅದೂ ನಡುವೆ ಗಾಜು ಇದೆಯೋ ಇಲ್ಲವೋ ಎನ್ನುವ ಹಾಗೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಜಾಹೀರಾತು ನಂಬಿ ನೀಲಿ ಬಣ್ಣದ ಸ್ಪ್ರೇ ತಂದಿದ್ದೆ. ಅವರು ಅದನ್ನು ಮೂಸಿ ನೋಡಿ, "ಇದ್ನ ಗಾಜಿಗೆ ಆಕ್ತಾರೋ, ತಲೆಗೆ ಅಚ್ಕೊತಾರೋ?" ಎಂದು ಪಕ್ಕಕ್ಕಿಟ್ಟರು. ಅವರ ಕ್ರಮವೇ ಬೇರೆ. ಬಿಸಿಲು ಬಿದ್ದ ಗಾಜನ್ನು ಮುಟ್ಟಬಾರದು. ನೀರು ಬೇಗ ಆರಿ ಗೆರೆ ಉಳಿಯುತ್ತದೆ. ಮೊದಲು ಒಣಬಟ್ಟೆಯಲ್ಲಿ ಧೂಳು ತೆಗೆಯಬೇಕು, ಆಮೇಲೆ ವಿನೆಗರ್ ನೀರು, ಕೊನೆಗೆ ಮುದುಡಿದ ಹಳೇ ಪೇಪರು. ಒಳಗಿನವರು ಅಡ್ಡಡ್ಡ ಒರೆಸಬೇಕು, ಹೊರಗಿನವರು ಉದ್ದುದ್ದ. ಅಡ್ಡ ಗೆರೆ ಉಳಿದರೆ ತಪ್ಪು ನನ್ನದು, ಉದ್ದ ಗೆರೆ ಉಳಿದರೆ ಅವರದು. ಉದ್ದ ಗೆರೆ ಉಳಿದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ ಎನ್ನುವುದೇ ನನ್ನ ಹೊಟ್ಟೆಯುರಿ.

ಹೊರಗಿನವರು ಎಂದೆನಲ್ಲ, ನಮ್ಮದು ಮಹಡಿ ಮನೆ. ಕಿಟಕಿಗೆ ಒಳಗಡೆ ಗ್ರಿಲ್, ಅದರಾಚೆ ಹೊರಕ್ಕೆ ತೆರೆಯುವ ಎರಡು ಗಾಜಿನ ಬಾಗಿಲು. ಆಚೆ ಬದಿ ಒರೆಸಬೇಕೆಂದರೆ ಬಾಲ್ಕನಿಯ ಮೋಟುಗೋಡೆ ದಾಟಿ, ಕೆಳಮನೆಯ ಕಿಟಕಿಗೆ ನೆರಳಾಗಿ ಚಾಚಿದ ಸಜ್ಜೆಯ ಮೇಲೆ ಗೋಡೆಗೆ ಅಂಟಿಕೊಂಡು ನಡೆಯಬೇಕು. ಅತ್ತೆ ಅದನ್ನು ಅಡುಗೆಮನೆಗೆ ಹೋಗಿಬಂದಷ್ಟು ಸಲೀಸಾಗಿ ಮಾಡುತ್ತಿದ್ದರು.

ಕೆಲವು ವರ್ಷದ ಹಿಂದೆ, ಒಂದು ದಸರಾ ಹೊತ್ತಿಗೆ ಮಾತ್ರ ಹಾಗಿರಲಿಲ್ಲ. ಅವರು ತಲೆ ಸುತ್ತಿ ದೇವರಮನೆಯ ಬಾಗಿಲು ಹಿಡಿದು ನಿಂತದ್ದನ್ನು ನಾನು ನೋಡಿದ್ದೆ. ನಮ್ಮ ಯಜಮಾನರಿಗೆ ಹೇಳಿಯೂ ಇದ್ದೆ. ಮಗ ಡಾಕ್ಟರ ಹೆಸರೆತ್ತಿದಾಗ ಅತ್ತೆ ತಮಗೇನೂ ಆಗಿಯೇ ಇಲ್ಲವೆಂದು ಸಾಧಿಸಿ, ನನ್ನ ಜೊತೆ ಮಾತು ಬಿಟ್ಟರು. ಕಾಫಿ ಲೋಟವನ್ನೂ ಮೇಜಿನ ಮೇಲೆ ಕುಕ್ಕಿ ಹೋಗುತ್ತಿದ್ದರು, ಕೈಗೆ ಕೊಡುತ್ತಿರಲಿಲ್ಲ.

ಹಬ್ಬಕ್ಕೆ ಮುಂಚೆ ಒಂದು ಸಂಜೆ, ಮನೆಯಲ್ಲಿ ನಾವಿಬ್ಬರೇ ಇದ್ದಾಗ, ಮಗ್ಗು ಪೇಪರು ಎತ್ತಿಕೊಂಡು ಬಾಲ್ಕನಿಗೆ ನಡೆದರು.

"ಬೇಡಿ ಅತ್ತೆ, ಈ ಸಲ ಬಿಡಿ," ಎಂದೆ.

"ಯಾಕೆ, ಇದ್ನೂ ಓಗಿ ಅವ್ನಿಗೆ ಏಳ್ಬೇಕಾ?"

ಎಷ್ಟೋ ದಿನದ ಮೇಲೆ ನನಗೆ ಆಡಿದ ಮಾತು ಅದು. ನನಗೂ ರೇಗಿತು. ಒಳಗೆ ಹೋಗಿ ಗ್ರಿಲ್ ಸಂದಿಯಲ್ಲಿ ಕೈ ತೂರಿಸಿ ಅಡ್ಡಡ್ಡ ಒರೆಸತೊಡಗಿದೆ. ಗಾಜಿನ ಆಚೆ ಅವರ ಮುಖ, ಈಚೆ ನನ್ನದು. ಅವರು ನನ್ನನ್ನು ನೋಡದೆ ಗೆರೆಯನ್ನಷ್ಟೇ ನೋಡುತ್ತಿದ್ದರು. ಬೆರಳಲ್ಲಿ ಟಕಟಕ ತಟ್ಟಿ ನನ್ನ ಕಡೆಯ ಕಲೆ ತೋರಿಸುವುದು, ನಾನು ಹಲ್ಲು ಕಚ್ಚಿ ಒರೆಸುವುದು. ಹೀಗೇ ನಡೆದಿರುವಾಗ ಅವರ ಕೈ ಅರ್ಧಕ್ಕೆ ನಿಂತಿತು. ಪೇಪರಿನ ಉಂಡೆ ಜಾರಿ ಕೆಳಗೆ ಬಿತ್ತು. ಹಣೆ ಗಾಜಿಗೆ ಒರಗಿತು. ಕಣ್ಣು ತೆರೆದೇ ಇತ್ತು, ಆದರೆ ಅವರಿಗೆ ನಾನು ಕಾಣುತ್ತಿರಲಿಲ್ಲ.

ಅವರು ಒರಗಿದ್ದ ಬಾಗಿಲು ತೆರೆದು ಹಿಡಿಯೋಣವೆಂದರೆ ಅದು ಹೊರಕ್ಕೆ ತೆರೆಯುವ ಬಾಗಿಲು. ನಾನೇ ಅವರನ್ನು ತಳ್ಳಿದಂತಾಗುತ್ತಿತ್ತು. ಪಕ್ಕದ ಬಾಗಿಲಿನ ಚಿಲಕ ತೆಗೆದು, ಸದ್ದಾದರೆ ಎಲ್ಲಿ ಬೆಚ್ಚುತ್ತಾರೋ ಎಂದು ಉಸಿರು ಬಿಗಿಹಿಡಿದು ಮೆಲ್ಲಗೆ ನೂಕಿದೆ. ಗ್ರಿಲ್‌ನಿಂದಾಚೆ ತೋಳು ಚಾಚಿ ಅವರ ಮಣಿಕಟ್ಟು ಹಿಡಿದೆ. ಒದ್ದೆ ಕೈ, ಜಾರುತ್ತಿತ್ತು. ಬಳೆ ಸಮೇತ ಅಮುಕಿ ಹಿಡಿದೆ. ಒಂದು ಬಳೆ ಚಟ್ಟೆಂದು ಒಡೆಯಿತು.

"ಕೆಳಗೆ ನೋಡ್ಬೇಡಿ ಅತ್ತೆ. ನನ್ನನ್ನೇ ನೋಡಿ."

"ಎಲ್ಲಾ ತಿರುಗ್ತಾ ಅದೆ ಕಣಮ್ಮ... ಕೈ ಬುಡ್ಬೇಡ."

ಬಿಡದೆ ನಿಂತರೆ ಅವರನ್ನು ಈಚೆ ತರುವವರು ಯಾರು? ಫೋನು ಅಡುಗೆಮನೆಯಲ್ಲಿ. ಕೂಗಿದರೆ ಬೀದಿಯಿಂದ ಯಾರಾದರೂ ಓಡಿ ಬಂದಾರು, ಆದರೆ ಮುಂಬಾಗಿಲಿಗೆ ಒಳಗಿನಿಂದ ಚಿಲಕ. ತಲೆಸುತ್ತು ಕೊಂಚ ಇಳಿಯುವವರೆಗೆ ಕಾದು, ಅವರ ಎರಡೂ ಕೈಗೆ ಗ್ರಿಲ್ ಹಿಡಿಸಿದೆ. "ಆ ಕಡೆಯಿಂದ ಬರ್ತೀನಿ, ಇದನ್ನ ಬಿಡ್ಬೇಡಿ," ಎಂದು ನಾನು ಕೈ ಬಿಟ್ಟೆ. ಬಿಟ್ಟು ಓಡಿದೆ. ಅರ್ಧ ಹಾಲ್ ದಾಟಿದಾಗ ಕೆಳಗೆ ಏನೋ ಧಡಾರನೆ ಬಿದ್ದ ಸದ್ದು ಕೇಳಿ ನನ್ನ ಜೀವವೇ ಹೋಯಿತು. ಬಿದ್ದದ್ದು ಅವರು ಸಜ್ಜೆಯ ಮೇಲಿಟ್ಟಿದ್ದ ಮಗ್ಗು. ಸ್ಟೂಲು ಹತ್ತಲೂ ಹೆದರುವ ನಾನು ಅದು ಹೇಗೆ ಗೋಡೆ ದಾಟಿ ಸಜ್ಜೆಗೆ ಇಳಿದೆನೋ ಕಾಣೆ. ಅವರ ಸೊಂಟ ಬಳಸಿ, ಒಂದೊಂದೇ ಪಾದ ಸರಿಸುತ್ತ ಇಬ್ಬರೂ ಬಾಲ್ಕನಿ ಸೇರಿದೆವು.

ನೆಲದ ಮೇಲೆ ಕುಸಿದು ಕೂತ ಅತ್ತೆ ಕೇಳಿದ್ದು ಒಂದೇ. "ಅವ್ನಿಗೆ ಏಳ್ತೀಯಾ?"

"ನೀವೇ ಹೇಳಿ," ಎಂದೆ. ಅಳುತ್ತಿದ್ದರೂ ದನಿ ಗದರಿದಂತೆಯೇ ಬಂತು.

ಊಟದ ಹೊತ್ತಿಗೆ ಮಗನ ತಟ್ಟೆಗೆ ಸಾರು ಬಡಿಸುತ್ತ, "ನಂಗೆ ತಲೆ ಸುತ್ತುತ್ತೆ ಕಣೋ, ನಾಳೆ ಡಾಕ್ಟ್ರ ತಾವ ಕರ್ಕೊಂಡೋಗು," ಎಂದರು. ಸಜ್ಜೆಯ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮಾತ್ರೆ ಶುರುವಾಯಿತು, ತಲೆಸುತ್ತು ಹತೋಟಿಗೆ ಬಂತು, ಕಾಫಿ ಲೋಟ ಮತ್ತೆ ನನ್ನ ಕೈಗೆ ಬಂತು. ಗಾಜಿನ ಆಚೆ ಬದಿಗೆ ಮಾತ್ರ ಅಂದಿನಿಂದ ಮಳೆಯೇ ಗತಿ.

ಇವತ್ತು ನಾನು ಒಳಬದಿ ಒರೆಸುತ್ತಿದ್ದರೆ ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಮುದುಡಿ ಕೊಡುತ್ತಿದ್ದರು. ರಜೆಯ ಹುರುಪಿನಲ್ಲಿದ್ದ ಯಜಮಾನರು ಕಿಟಕಿ ನೋಡಿ, "ಏನಮ್ಮ ಇದು, ಬೆಟ್ಟಾನೇ ಕಾಣ್ತಿಲ್ಲ. ನಾನೇ ಆಚೆ ಇಳಿದು ಒರೆಸಿಬಿಡ್ತೀನಿ ಇರಿ," ಎನ್ನುತ್ತ ಬಾಲ್ಕನಿಯ ಗೋಡೆಯ ಮೇಲೆ ಒಂದು ಕಾಲು ಹಾಕಿಯೇಬಿಟ್ಟರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ನನ್ನ ಕೈ ಹಿಡಿದು ಎದ್ದು ನಿಂತಿದ್ದರು.

"ಕಾಲು ಈಚೆ ತಗಿಯೋ! ಅಲ್ಲಿಂದ ಬಿದ್ದು ಸತ್ತೋಗ್ತಿದ್ದೆ ನಾನು. ಇವ್ಳು ಇಡ್ಕೊಂಡಿದ್ಕೆ ಉಳ್ಕೊಂಡೆ."

ಯಜಮಾನರು ಕಾಲು ಇಳಿಸಿ ನನ್ನತ್ತ ತಿರುಗಿದರು. "ಯಾವಾಗ? ನನಗ್ಯಾಕೆ ಹೇಳ್ಲಿಲ್ಲ ನೀನು?"

ಅತ್ತೆ ಇನ್ನೂ ನನ್ನ ಕೈ ಬಿಟ್ಟಿರಲಿಲ್ಲ. ಪೇಪರು ಕೆಳಗೆ ಹಾಕಿ, ನನ್ನ ಇನ್ನೊಂದು ಕೈಯನ್ನೂ ಅವರ ಕೈಯ ಮೇಲಿಟ್ಟೆ.