ನೀಲಿ ಚೂರಿಲ್ಲದ ಬಾಕ್ಸು

ವೆಂಕಟರತ್ನಮ್ಮನ ಬಲಗಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿದೆ. ಎಡಗಣ್ಣಿಗೆ ಈ ಯುಗಾದಿಯಿಂದ. ವಯಸ್ಸು ಅರವತ್ತೆಂಟು. ಬೇತಮಂಗಲದ ಸುತ್ತಿನ ತೋಟಗಳಲ್ಲಿ ಟೊಮೇಟೊ ಬಿಡಿಸುವ ಆರು ಹೆಂಗಸರ ಗುಂಪಿಗೆ ಆಕೆಯೇ ಹಿರಿಯಳು. ಎಲ್ಲರಿಗಿಂತ ಕಿರಿಯಳು ಮೇಸ್ತ್ರಿ ಅಂಬಿಕ, ಅವಳಿಗೇ ಐವತ್ತೊಂದು. ಅದಕ್ಕಿಂತ ಚಿಕ್ಕವರು ಬೆಳಗ್ಗೆ ಆರಕ್ಕೆ ಗಾರ್ಮೆಂಟ್ಸ್ ವ್ಯಾನು ಹತ್ತುತ್ತಾರೆ. ಸೊಸೆ ಸುಮಲತ ಹತ್ತಿರದ ಗಣಿ ಊರು ಕೋರಮಂಡಲ್‌ಗೆ ಹೋಗಿ, ಹಾಸಿಗೆ ಹಿಡಿದ ಹಳೆಯ ಗಣಿ ಕಾರ್ಮಿಕರೊಬ್ಬರನ್ನು ಸಂಬಳಕ್ಕೆ ನೋಡಿಕೊಳ್ಳುತ್ತಾಳೆ.

ಕಣ್ಣಿನ ವಿಷಯ ಗೊತ್ತಿದ್ದದ್ದು ಆ ಸೊಸೆಗೆ ಮಾತ್ರ. ಬೇರೆಯವರಿಗೆ ತಿಳಿದರೆ ಗುಂಪಿನಿಂದ ತೆಗೆದುಹಾಕುತ್ತಾರೆ, ಆಮೇಲೆ ಯಾರೂ ಕೆಲಸಕ್ಕೆ ಕರೆಯುವುದಿಲ್ಲ ಎಂಬ ಹೆದರಿಕೆ. ದೂರದ ಮಂಡಿಗೆ ಹೋಗುವ ಕಾಯಿಯನ್ನು ಬಣ್ಣ ತಿರುಗುವಾಗಲೇ ಬಿಡಿಸಬೇಕು. ಆಕೆ ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಸ್ವಲ್ಪ ಮಣಿದರೆ ಬಿಡಿಸುವುದು, ಇಲ್ಲವಾದರೆ ಬಿಡುವುದು. ಎರಡು ವರ್ಷ ಬೆರಳು ತಪ್ಪಲಿಲ್ಲ.

ಈ ಸಲ ಗುಂಪು ಕೆಲಸ ಹಿಡಿದ ತೋಟದ ಯಜಮಾನ ಬಚ್ಚಪ್ಪ ಹೊಸ ತಳಿ ಹಾಕಿದ್ದ. ಲಾರಿಯಲ್ಲಿ ಜಜ್ಜಿಹೋಗದ ದಪ್ಪ ಸಿಪ್ಪೆ, ಕೆಂಪಾದರೂ ಕಲ್ಲಿನಂತೆ. ಮೊದಲ ಸಾಲಿನಲ್ಲೇ ಆಕೆ ಹತ್ತಾರು ಕಾಯಿ ಒತ್ತಿ ನೋಡಿದಳು. ಒಂದೂ ಮಣಿಯುತ್ತಿರಲಿಲ್ಲ. ಗಾತ್ರದ ಅಂದಾಜಿನ ಮೇಲೆ ಬಿಡಿಸಿ ತುಂಬಿದಳು.

ಪ್ರತಿಯೊಬ್ಬಳೂ ತಾನು ತುಂಬಿದ ಬಾಕ್ಸಿಗೆ ತನ್ನ ಹಳೆ ಸೀರೆಯ ಚೂರು ಕಟ್ಟುವುದು ಗುಂಪಿನ ರೂಢಿ. ಆಕೆಯದು ನೀಲಿ. ಬಚ್ಚಪ್ಪ ಬಾಕ್ಸುಗಳನ್ನು ಒಂದೊಂದಾಗಿ ಟಾರ್ಪಾಲಿನ ಮೇಲೆ ಸುರಿಯುತ್ತಾ ಹತ್ತಿರ ಬರುವುದು ಕೇಳಿಸಿತು. ಆಕೆ ಗಾಬರಿಯಲ್ಲಿ ನೀಲಿ ಚೂರು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಿಕ್ಕ ಎಲ್ಲದಕ್ಕೂ ಚೂರಿದೆ, ಇಲ್ಲದ್ದು ತನ್ನದೊಂದೇ ಎಂದು ಹೊಳೆಯುವಷ್ಟರಲ್ಲಿ ಹಸಿರು ಕಾಯಿ ಉರುಳಿದ್ದವು. ಯಾವ ಕುರುಡಿ ಬಿಡಿಸಿದಳೋ ಎಂದು ಬಚ್ಚಪ್ಪ ನಕ್ಕ. ಉಳಿದವರು ನಗಲಿಲ್ಲ.

ಅಂಬಿಕ ಆಕೆಯನ್ನು ಪಂಪ್‌ಶೆಡ್ಡಿನ ನೆರಳಿಗೆ ಕರೆದೊಯ್ದಳು.

"ಎಷ್ಟು ದಿನದಿಂದ, ರತ್ನತ್ತೆ?"

ವೆಂಕಟರತ್ನಮ್ಮ ಎಲ್ಲ ಹೇಳಿದಳು. ಬೇಸ್ತವಾರ ಬಂಗಾರಪೇಟೆಯ ಕಣ್ಣಿನ ಶಿಬಿರದಲ್ಲಿ ಉಚಿತ ಆಪರೇಷನ್. ಆಮೇಲೆ ಒಂದು ತಿಂಗಳು ಬಗ್ಗಬಾರದು, ಧೂಳು ತಾಗಬಾರದು. ಇನ್ನೂ ತಡಮಾಡಿದರೆ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ.

"ಗುಂಪಿಂದ ನನ್ನ ತೆಗ್ದಾಕ್ಬೇಡ ಕಣವ್ವಾ."

"ತೆಗ್ದಾಕಿ ಯಾರ್ನ ಕರ್ಕಂಬರ್ಲಿ? ನಮ್ ಬೀದಿ ಕದಿರಪ್ಪನ್ ಅವ್ವನ್ನಾ? ಅವಮ್ಮಂಗೆ ಎಂಬತ್ತು." ಅಂಬಿಕಳ ದನಿಯಲ್ಲಿ ಕೋಪವಿರಲಿಲ್ಲ. "ಆರು ಆಳಿಲ್ದೆ ಬಚ್ಚಪ್ಪಣ್ಣ ತೋಟ ಕೊಡಲ್ಲ, ಐದೂ ಜನದ ಕೂಲಿ ಓಯ್ತದೆ. ಬೆಳೆ ಮುಗಿಯೋಗಂಟ ನೀನು ಎಲ್ಗೂ ಓಗಂಗಿಲ್ಲ ಅತ್ತೆ."

"ಬೇಸ್ತವಾರ?"

"ಮುಂದ್ಲ ಸಲ ನೋಡಾನ. ನನ್ ಪಕ್ಕದ ಸಾಲ್ ಇಡ್ಕೊ. ಬಣ್ಣ ನಾನ್ ಏಳ್ತೀನಿ."

ಗುಂಪಿನಿಂದ ತೆಗೆಯುವುದಿಲ್ಲ ಎಂದಳಲ್ಲ, ಅಷ್ಟೇ ಸಾಕಾಗಬೇಕಿತ್ತು. ಆದರೆ ವೆಂಕಟರತ್ನಮ್ಮ ಬೆರಳು ಮಡಿಚಿ ವಾರ ಎಣಿಸಿದಳು. ಬೆಳೆ ಮುಗಿಯಲು ಇನ್ನೂ ಏಳು ವಾರ. ಅದರ ಹಿಂದೆಯೇ ಇನ್ನೊಂದು ತೋಟ.

ಬೇಸ್ತವಾರ ಬೆಳಗ್ಗೆ ಬಂಗಾರಪೇಟೆಯ ಬಸ್ಸು ತೋಟದ ಪಕ್ಕದಲ್ಲೇ ಹಾರ್ನ್ ಹೊಡೆದು ಹೋಯಿತು. ಆಕೆ ತಲೆಯೆತ್ತಿದಳು. ರಸ್ತೆ ಇರುವ ಕಡೆ ಬರಿ ಬಿಳುಪು. ನಿನ್ನೆ ಅಲ್ಲಿ ಹುಣಸೆ ಮರದ ಕಪ್ಪಾದರೂ ಕಂಡಿತ್ತೇ? ನೆನಪಾಗಲಿಲ್ಲ.

"ಎಡಗಡೇದು ಅತ್ತೆ, ತಿರುಗೈತೆ," ಎಂದಳು ಅಂಬಿಕ.

ಆಕೆ ಕೈ ಚಾಚಿ ಹುಡುಕಿದಳು.